ಬೇಡವೋ, ಬೇಡಿಯೋ: ಅನುವಾದದಲ್ಲಿ ಒಂದು ಸೈನ್ಸ್ ಫಿಕ್ಷನ್ ಥ್ರಿಲ್ಲರ್ ಓದಿದ್ದು

(ಓದುಗರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಮರೆತುಹೋಗಿದ್ದ ಕೆಲವು ಸಂಗತಿ ಸೇರಿಸಿದ್ದೇನೆ, ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಹಾಕದೆ ನೇರವಾಗಿ ಒಂದು ರಾತ್ರಿಗೆ ಹೋಗೋಣ.

ಕಾಡಿನ ನಡುವೆ ಒಂದು ಬೆಟ್ಟ. ಬೆಟ್ಟದ ತಲೆಯ ಮೇಲೆ ಸೇನೆಯ ದೊಡ್ಡ ಆಂಟೆನಾ. ಆಕಾಶಕ್ಕೆ ಕಿವಿ ಕೊಟ್ಟು ಕೂರುವುದೇ ಅಲ್ಲಿನ ಕೆಲಸ. ವರ್ಷಗಟ್ಟಲೆ ಕೇಳಿಸಿದ್ದು ಬರೀ ಗೊರಗೊರ ಸದ್ದು. ಅವತ್ತು ರಾತ್ರಿ ಪಾಳಿಯಲ್ಲಿ ಒಬ್ಬಳೇ ಹೆಂಗಸು ಕೂತಿದ್ದಾಳೆ. ಎಂಟು ವರ್ಷದ ಹಿಂದೆ ಯಾರಿಗೂ ಹೇಳದೆ ಅವಳು ಒಂದು ಸಂದೇಶ ಕಳಿಸಿದ್ದಳು. ಈಗ ಪರದೆಯ ಮೇಲಿನ ಗೆರೆ ಇದ್ದಕ್ಕಿದ್ದಂತೆ ಬೇರೆ ಥರ ಏಳುತ್ತದೆ, ಬೀಳುತ್ತದೆ. ಉತ್ತರ ಬಂದಿದೆ. ನಾಲ್ಕಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಿಂದ ಬಂದ ಮೊದಲ ಮಾತು ಇದು: ಉತ್ತರ ಕೊಡಬೇಡ. ಅದೇ ಮಾತು ಮೂರು ಸಲ.

ನಾನು ಇದನ್ನು ಓದಿದ್ದು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್ ಓದುವಾಗ ನನ್ನ ತಲೆಯ ಹಿಂಭಾಗದಲ್ಲಿ ಕನ್ನಡ ಸುಮ್ನೆ ಓಡುತ್ತಿರುತ್ತದೆ. ನಿಮಗೂ ಹಾಗೇ ಅಲ್ವಾ? ಈ ಸಾಲಿಗೆ ಬಂದಾಗ ಆ ಓಟ ನಿಂತುಬಿಟ್ಟಿತು. ಕೊಡಬೇಡ ಅನ್ನಬೇಕೋ, ಕೊಡಬೇಡಿ ಅನ್ನಬೇಕೋ?

ಬೇಡ ಅಂದರೆ ಆ ಮಾತು ಆ ಒಬ್ಬಳಿಗೇ ಆಡಿದ್ದು. ರಾತ್ರಿ ಹೊತ್ತು, ಕೈ ಹಿಡಿದು ಎಳೆದು, ಕಿವಿಯಲ್ಲಿ ಹೇಳಿದ ಹಾಗೆ. ಬೇಡಿ ಅಂದರೆ ಅದು ಇಡೀ ಭೂಮಿಗೆ ಹೇಳಿದ್ದು. ಇಲ್ಲವೇ ಗುರುತಿಲ್ಲದವರ ಜೊತೆ ಇಟ್ಟುಕೊಳ್ಳುವ ಮರ್ಯಾದೆ. ಸ್ವಲ್ಪ ಆಚೀಚೆ ಆದರೆ 'ಹುಲ್ಲಿನ ಮೇಲೆ ನಡೆಯಬೇಡಿ' ಅನ್ನುವ ಬೋರ್ಡಿನ ಧ್ವನಿ. ಸಂದೇಶ ಕಳಿಸಿದ ಜೀವಿಗೆ ಈ ಕಡೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಗೊತ್ತಿಲ್ಲ. ಅದೂ ಅಲ್ಲಿ ಒಂಟಿಯಾಗಿ ಕೂತು, ತನ್ನವರಿಗೆ ಗೊತ್ತಾಗದ ಹಾಗೆ ಈ ಎಚ್ಚರಿಕೆ ಕಳಿಸಿದೆ. ಮೂಲ ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ಇಂಗ್ಲಿಷ್‌ನಲ್ಲೂ ಇಲ್ಲ. ಎರಡೂ ಭಾಷೆಯಲ್ಲಿ ಏನನ್ನೂ ನಿರ್ಧಾರ ಮಾಡದೆ ದಾಟಬಹುದಾದ ಸಾಲು ಕನ್ನಡಕ್ಕೆ ಬಂದ ತಕ್ಷಣ ಅಡ್ಡಗಟ್ಟಿ ನಿಲ್ಲುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಇಕಾರದ ಸುತ್ತಲೇ.

ಪುಸ್ತಕ ಯಾವುದು ಅಂತ ನಿಮ್ಮಲ್ಲಿ ಹಲವರಿಗೆ ಈಗಾಗಲೇ ಗೊತ್ತಾಗಿರಬೇಕು. ಲಿಯು ತ್ಸಿಶಿನ್ ಅವರ 'ದ ತ್ರೀ-ಬಾಡಿ ಪ್ರಾಬ್ಲಂ'. ಅವರು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದವರು. ಈ ಕಥೆ 2006ರಲ್ಲಿ ಚೀನೀ ಸೈನ್ಸ್ ಫಿಕ್ಷನ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 2008ರಲ್ಲಿ ಪುಸ್ತಕವಾಯಿತು. 2014ರಲ್ಲಿ ಕೆನ್ ಲಿಯು ಇಂಗ್ಲಿಷ್‌ಗೆ ತಂದರು. ಇಬ್ಬರೂ ಲಿಯು, ಆದರೆ ನೆಂಟರಲ್ಲ. ಮರುವರ್ಷ ಅದಕ್ಕೆ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು. ಅನುವಾದದ ಕಾದಂಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಕಥೆ ಜಾಸ್ತಿ ಹೇಳುವುದಿಲ್ಲ. ಥ್ರಿಲ್ಲರ್ ಓದದವರ ಮುಂದೆ ಕಥೆ ಹೇಳುವುದು ಪಾಪದ ಕೆಲಸ. ಇಷ್ಟು ಸಾಕು: ವಿಜ್ಞಾನಿಗಳು ಒಬ್ಬರ ಹಿಂದೆ ಒಬ್ಬರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ. ವಾಂಗ್ ಮಿಯಾವ್ ಅನ್ನುವ ನ್ಯಾನೋ ವಸ್ತುಗಳ ಸಂಶೋಧಕ ತೆಗೆದ ಫೋಟೋಗಳಲ್ಲಿ ಅಂಕಿಗಳು ಮೂಡುತ್ತಿವೆ. ಇಳಿಯುತ್ತಾ ಹೋಗುವ ಗಡಿಯಾರ. ಅದೇ ಕ್ಯಾಮೆರಾದಲ್ಲಿ ಹೆಂಡತಿ ತೆಗೆದರೆ ಏನೂ ಇಲ್ಲ. ಸಾಮಾನ್ಯವಾಗಿ ಥ್ರಿಲ್ಲರ್‌ನಲ್ಲಿ ಯಾರು ಸತ್ತರು ಅನ್ನುವುದಾದರೂ ಮೊದಲೇ ಗೊತ್ತಾಗುತ್ತದೆ. ಇಲ್ಲಿ ಸತ್ತಿರುವುದು ಭೌತಶಾಸ್ತ್ರವೇ ಏನೋ ಅನ್ನುವ ಅನುಮಾನ.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ಈ ಪುಸ್ತಕ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ನೀವು ಯಾವ ಭಾಷೆಯಲ್ಲಿ ಓದುತ್ತೀರಿ ಅನ್ನುವುದರ ಮೇಲಿದೆ.

ಚೀನೀ ಪುಸ್ತಕ ತೆರೆದರೆ ಮೊದಲಿಗೆ ವಾಂಗ್ ಮಿಯಾವ್ ಮನೆ ಬಾಗಿಲಿಗೆ ಪೊಲೀಸರು ಮತ್ತು ಸೇನೆಯವರು ಬಂದು ನಿಲ್ಲುತ್ತಾರೆ. ಕಾಲ, ಹೆಚ್ಚುಕಡಿಮೆ ಇವತ್ತು. ಇಂಗ್ಲಿಷ್ ಪುಸ್ತಕ ತೆರೆದರೆ 1967, ಸಾಂಸ್ಕೃತಿಕ ಕ್ರಾಂತಿಯ ಚೀನಾ. ಭೌತಶಾಸ್ತ್ರದ ಪ್ರೊಫೆಸರೊಬ್ಬರನ್ನು ಸಾವಿರಾರು ಜನರ ಮುಂದೆ ವೇದಿಕೆಯ ಮೇಲೆ ನಿಲ್ಲಿಸಿದ್ದಾರೆ. ಲೇಖಕರಿಗೂ ಮೊದಲಿಂದ ಬೇಕಿದ್ದದ್ದು ಈ ಎರಡನೆಯ ಶುರುವೇ. ಧಾರಾವಾಹಿಯಲ್ಲಿ ಹಾಗೇ ಇತ್ತು. ಪುಸ್ತಕ ಮಾಡುವಾಗ ಸೆನ್ಸಾರ್ ಕಣ್ಣಿಗೆ ಬೀಳದಿರಲಿ ಅಂತ ಆ ಅಧ್ಯಾಯಗಳನ್ನು ಒಳಗೆ ತಳ್ಳಿದರು. ಕೆನ್ ಲಿಯು ಅನುವಾದ ಮಾಡುವಾಗ ಇದನ್ನು ಮುಂದಕ್ಕೆ ತಂದರೆ ಹೇಗೆ ಅಂತ ಕೇಳಿದರು. ಲೇಖಕರು ಒಪ್ಪಿದರು. ಅಂದರೆ ಅನುವಾದವೇ ಮೂಲದ ಆಸೆಗೆ ಮೂಲ ಪುಸ್ತಕಕ್ಕಿಂತ ಹತ್ತಿರ ಹೋಯಿತು!

ಅಧ್ಯಾಯದ ಜಾಗ ಬದಲಾದರೆ ಅಂಥದ್ದೇನು ಆಗುತ್ತದೆ ಅಂತ ಅನ್ನಿಸಬಹುದು. ಥ್ರಿಲ್ಲರ್‌ನಲ್ಲಿ ಎಲ್ಲವೂ ಆಗುತ್ತದೆ. ಕಥೆಯ ಮಧ್ಯೆ ಒಬ್ಬ ವಯಸ್ಸಾದ ಹೆಂಗಸು ಬರುತ್ತಾಳೆ. ಮೆದು ಮಾತು, ಮಗಳನ್ನು ಕಳೆದುಕೊಂಡ ತಾಯಿ, ಪಕ್ಕದ ಮನೆಯ ಮಕ್ಕಳನ್ನು ನೋಡಿಕೊಳ್ಳುವವಳು. ಚೀನೀ ಓದುಗರಿಗೆ ಅವಳು ಮೊದಲು ಸಿಗುವುದು ಹೀಗೆ. ಅವಳ ಹಿಂದಿನ ಬದುಕು ಆಮೇಲೆ ತೆರೆದುಕೊಳ್ಳುತ್ತದೆ. ಇಂಗ್ಲಿಷ್ ಓದುಗ ಅವಳನ್ನು ಆಗಲೇ ನೋಡಿದ್ದಾನೆ. ವೇದಿಕೆಯ ಮೇಲೆ ನಿಂತ ಆ ಪ್ರೊಫೆಸರ್ ಅವಳ ಅಪ್ಪ. ಜನರ ನಡುವೆ ನಿಂತು ನೋಡುತ್ತಿದ್ದವಳು ಇವಳೇ, ಯೆ ವೆನ್‌ಜಿಯೆ. ಹಾಗಾಗಿ ಚೀನೀ ಓದುಗ 'ಇದೆಲ್ಲ ಮಾಡುತ್ತಿರುವುದು ಯಾರು' ಅಂತ ಕೇಳುತ್ತಾ ಹೋಗುತ್ತಾನೆ. ಇಂಗ್ಲಿಷ್ ಓದುಗ 'ಇಷ್ಟೆಲ್ಲ ನೋಡಿದ ಮನುಷ್ಯಳು ಏನು ಮಾಡಿಯಾಳು' ಅಂತ ಕಾಯುತ್ತಾನೆ. ಒಂದೇ ಕಥೆ, ಎರಡು ಬೇರೆ ಭಯ. ನನಗೆ ಎರಡನೆಯದೇ ಜಾಸ್ತಿ ಇಷ್ಟ, ಆದರೆ ಅದಕ್ಕೆ ಕಾರಣ ನಾನು ಅದನ್ನು ಮೊದಲು ಓದಿದ್ದೂ ಇರಬಹುದು.

ಆ ವೇದಿಕೆಯ ಹತ್ತಿರ ಸ್ವಲ್ಪ ನಿಲ್ಲೋಣ. ಅಲ್ಲಿ ಎರಡು ವಸ್ತುಗಳಿವೆ. ಜನರ ಮುಂದೆ ತಪ್ಪು ಹೊರಿಸಿ ಅವಮಾನ ಮಾಡುವ ಅಂಥ ಸಭೆಗಳಲ್ಲಿ ಆಪಾದಿತರ ತಲೆಗೆ ಎತ್ತರದ ಟೋಪಿ ಹಾಕುತ್ತಿದ್ದರು, ಬಿದಿರಿನ ಚೌಕಟ್ಟಿನದು. ಈ ಪ್ರೊಫೆಸರ್‌ಗೆ ಹಾಕಿದ್ದು ದಪ್ಪ ಉಕ್ಕಿನ ಸರಳುಗಳನ್ನು ಬೆಸೆದು ಮಾಡಿದ ಟೋಪಿ. ಕುತ್ತಿಗೆಗೆ ಮರದ ಹಲಗೆ ನೇತುಹಾಕುವುದು ರೂಢಿ. ಇವರ ಕುತ್ತಿಗೆಯಲ್ಲಿದ್ದದ್ದು ಪ್ರಯೋಗಾಲಯದ ಒಲೆಯಿಂದ ಕಿತ್ತು ತಂದ ಕಬ್ಬಿಣದ ಬಾಗಿಲು. ಅದರ ಮೇಲೆ ಅವರ ಹೆಸರು, ಹೆಸರಿನ ಮೇಲೆ ಕೆಂಪು ಬಣ್ಣದ ಕಾಟು. ಮಾಡಿದ ತಪ್ಪು? ಸಾಪೇಕ್ಷತಾ ಸಿದ್ಧಾಂತ ಪಾಠ ಮಾಡಿದ್ದು. ಅವರನ್ನು ಹೊಡೆದು ಕೊಂದವರು ಹದಿಹರೆಯದ ನಾಲ್ವರು ಹುಡುಗಿಯರು. ಹೊಡೆದದ್ದು ಬೆಲ್ಟಿನ ಲೋಹದ ಬಕಲ್ಲಿನಿಂದ.

ಮೊದಲ ಸಲ ಓದಿದಾಗ ನನಗೆ ಚೀನಾದ ಚರಿತ್ರೆ ಸರಿಯಾಗಿ ಗೊತ್ತಿರಲಿಲ್ಲ. ಸೈನ್ಸ್ ಫಿಕ್ಷನ್ ಅಂತ ಗೊತ್ತಿದ್ದೇ ಪುಸ್ತಕ ಕೈಗೆತ್ತಿಕೊಂಡಿದ್ದೆ. ಹಾಗಾಗಿ ಇದು ಲೇಖಕರು ಕಟ್ಟಿದ ಬೇರೆ ಲೋಕ ಅಂತಲೇ ಅಂದುಕೊಂಡೆ. ಐನ್‌ಸ್ಟೈನ್ ಹೆಸರು ಹೇಳಿದ್ದಕ್ಕೆ ಹೊಡೆಯುವ ಲೋಕ, ಒಳ್ಳೆ ಕಲ್ಪನೆ, ಅಂತ. ಹತ್ತು ಪುಟ ಆದ ಮೇಲೆ ಅನುಮಾನ ಬಂತು. ಈ ಪ್ರೊಫೆಸರ್ ಕಾಲ್ಪನಿಕ. ಆದರೆ ಇಂಥ ಸಭೆಗಳು ನಿಜವಾಗಿ ನಡೆದಿದ್ದವು. ಪ್ರೊಫೆಸರುಗಳು ನಿಜವಾಗಿ ಸತ್ತರು. ಸಾಪೇಕ್ಷತಾ ಸಿದ್ಧಾಂತದ ವಿರುದ್ಧ ಆ ಕಾಲದಲ್ಲಿ ನಿಜವಾಗಿ ಅಭಿಯಾನ ನಡೆಯಿತು.

ಮುಂದೆ ಇದರ ಉಲ್ಟಾ ಆಯಿತು. ವಾಂಗ್ ಮಿಯಾವ್‌ಗೆ ಯಾರೋ ಹೇಳುತ್ತಾರೆ, ಇಂಥ ದಿನ, ಇಂಥ ಹೊತ್ತಿಗೆ ಇಡೀ ವಿಶ್ವ ನಿನಗೋಸ್ಕರ ಮಿನುಗುತ್ತದೆ ಅಂತ. ಮಹಾಸ್ಫೋಟದಿಂದ ಉಳಿದ ಮೈಕ್ರೋವೇವ್ ಬೆಳಕು, ಹಿನ್ನೆಲೆ ವಿಕಿರಣ. ಅದನ್ನು ನೋಡಲು ಅವನು ಒಂದು ಕನ್ನಡಕ ಹಾಕಿಕೊಳ್ಳುತ್ತಾನೆ. ಇಡೀ ಆಕಾಶ ಮಂಕು ಕೆಂಪಾಗಿ ಕಾಣುತ್ತದೆ. ಎಂಥ ಸೊಗಸಾದ ಸುಳ್ಳು ಅಂದುಕೊಂಡೆ. ಆದರೆ ಆ ವಿಕಿರಣ ನಿಜ. 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನುವ ಇಬ್ಬರಿಗೆ ಆಂಟೆನಾದ ಗೊರಗೊರ ಎಷ್ಟು ಮಾಡಿದರೂ ಹೋಗಲಿಲ್ಲ. ಪಾರಿವಾಳದ ಹಿಕ್ಕೆ ಕಾರಣ ಇರಬಹುದು ಅಂತ ಅದನ್ನೂ ಉಜ್ಜಿ ತೆಗೆದರು. ಆಗಲೂ ಹೋಗಲಿಲ್ಲ. ಅದು ವಿಶ್ವದ ಬಾಲ್ಯದ ಬೆಳಕು. ತಾಪಮಾನ 2.7 ಕೆಲ್ವಿನ್. ಮಿನುಗುವುದು ಮಾತ್ರ ಲೇಖಕರ ಕಲ್ಪನೆ.

ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಯಾವುದೇ ಸೈನ್ಸ್ ಫಿಕ್ಷನ್ ಓದುವಾಗ ಗೊತ್ತಿಲ್ಲದ ಪದ, ಗೊತ್ತಿಲ್ಲದ ಲೋಕ ನಮ್ಮ ಮುಂದೆ ಬರುತ್ತದೆ. ಮುಂದೆ ಗೊತ್ತಾಗುತ್ತದೆ ಬಿಡು ಅಂತ ನಂಬಿ ಹೋಗುತ್ತೇವೆ. ಬೇರೆ ನಾಡಿನ ಅನುವಾದ ಓದುವಾಗಲೂ ಹಾಗೆಯೇ. ಎರಡೂ ಒಟ್ಟಿಗೆ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಇದರಲ್ಲಿ ಯಾವುದು ಆ ನಾಡಿನಲ್ಲಿ ನಡೆದದ್ದು, ಯಾವುದು ಲೇಖಕರು ಹುಟ್ಟಿಸಿದ್ದು ಅಂತ ತುಂಬ ಹೊತ್ತು ತಿಳಿಯುವುದಿಲ್ಲ. ಆ ತಿಳಿಯದ ಹೊತ್ತಿನಲ್ಲಿ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತೇವೆ. ಬೇರೆ ಗ್ರಹದವರ ಕ್ರೌರ್ಯವನ್ನು ನಂಬುವಷ್ಟು ಸಲೀಸಾಗಿ ಮನುಷ್ಯರ ಕ್ರೌರ್ಯವನ್ನು ನಂಬಲಾಗದೆ ಒದ್ದಾಡುತ್ತೇವೆ. ಚೀನೀ ಓದುಗನಿಗೆ ಈ ಅನುಭವ ಸಿಗುವುದಿಲ್ಲ. ಅವನಿಗೆ ಆ ಕಬ್ಬಿಣದ ಬಾಗಿಲು ಎಲ್ಲಿಂದ ಬಂತು ಅಂತ ಗೊತ್ತು. ಅನುವಾದದಲ್ಲಿ ಏನೇನು ಕಳೆಯುತ್ತದೆ ಅಂತ ಎಲ್ಲರೂ ಲೆಕ್ಕ ಇಡುತ್ತಾರಲ್ಲ, ಈ ಒಂದನ್ನು ಜಮೆಯ ಕಡೆ ಬರೆದುಕೊಳ್ಳಿ. ಅದಕ್ಕೇ ಓದುವಾಗಲೇ ಫೋನ್ ತೆಗೆದು ಹುಡುಕಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಮುಗಿದ ಮೇಲೆ ಹುಡುಕಿ.

ಕೆನ್ ಲಿಯು ಅಲ್ಲಲ್ಲಿ ಅಡಿಟಿಪ್ಪಣಿ ಕೊಟ್ಟಿದ್ದಾರೆ. ಥ್ರಿಲ್ಲರ್‌ಗೆ ಅಡಿಟಿಪ್ಪಣಿ ಅಂದರೆ ಓಡುವವನ ಕಾಲಿಗೆ ಹಗ್ಗ ಅನ್ನುವವರಿದ್ದಾರೆ. ಅವರು ಕೊಟ್ಟಿದ್ದು ಕಡಿಮೆ, ಕೊಟ್ಟಲ್ಲಿ ಚಿಕ್ಕದು. ಪುಸ್ತಕದ ಕೊನೆಯ ಮಾತಿನಲ್ಲಿ, ಇಂಗ್ಲಿಷ್‌ನಲ್ಲೇ ಹುಟ್ಟಿದ ಪುಸ್ತಕದ ಹಾಗೆ ಕಾಣಲಿ ಅಂತ ತಾವು ಬಯಸಲಿಲ್ಲ ಅನ್ನುವ ಅರ್ಥದ ಮಾತೂ ಹೇಳಿದ್ದಾರೆ. ನನಗೆ ತಕರಾರಿಲ್ಲ.

ಹೆಸರುಗಳ ಕಾಟ ಮಾತ್ರ ನಿಜ. ಚೀನೀ ಹೆಸರಲ್ಲಿ ಮನೆತನದ ಹೆಸರು ಮೊದಲು. ಅಪ್ಪ ಯೆ ಝೆತಾಯ್, ಮಗಳು ಯೆ ವೆನ್‌ಜಿಯೆ. ಐವತ್ತು ಪುಟ ನಾನು ಒಂದು ಚೀಟಿ ಇಟ್ಟುಕೊಂಡು ಓದಿದೆ. ಪೊಲೀಸ್ ಅಧಿಕಾರಿಯ ಹೆಸರು ಶಿ ಚಿಯಾಂಗ್, ಎಲ್ಲರ ಬಾಯಲ್ಲಿ 'ದಾ ಶಿ', ಅಂದರೆ ದೊಡ್ಡ ಶಿ. ಬಾಯಿ ಒರಟು, ಕೈಯಲ್ಲಿ ಸದಾ ಸಿಗರೇಟು, ತಲೆ ಬಹಳ ಚುರುಕು. ಅವನು ವಿಜ್ಞಾನಿಯ ಮನೆಗೆ ಬಂದು ಮಾತಾಡುವ ರೀತಿ ಇಂಗ್ಲಿಷ್‌ನಲ್ಲಿ ಒರಟಾಗಿ ಕೇಳುತ್ತದೆ, ಸರಿ. ಆದರೆ ಕನ್ನಡದಲ್ಲಿ ಅವನ ಬಾಯಿಗೆ ಬರುವುದು ಏಕವಚನ. ಮೊದಲ ಭೇಟಿಯಲ್ಲಿ ಅವನ 'ನೀನು' ಅವಮಾನ. ಮುಂದೆ ಅವರಿಬ್ಬರೂ ರಾತ್ರಿಯೆಲ್ಲ ಕೂತು ಕುಡಿಯುವಷ್ಟು ಹತ್ತಿರವಾಗುತ್ತಾರೆ. ಆಗ ಅದೇ 'ನೀನು' ಸಲುಗೆ. ಪದ ಒಂದಿಷ್ಟೂ ಬದಲಾಗದೆ ಅರ್ಥ ಪೂರ್ತಿ ಹೊರಳುತ್ತದೆ. ಇಂಗ್ಲಿಷ್‌ನಲ್ಲಿ ಈ ಆಟ ಆಡಲಾಗುವುದಿಲ್ಲ, ಕನ್ನಡದಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ಪುಸ್ತಕದ ಹೆಸರು. ಚೀನೀಯಲ್ಲಿ ಅದು 'ಸಾನ್ ತಿ', ಬರೀ 'ಮೂರು ಕಾಯ'. ಸಮಸ್ಯೆ ಅನ್ನುವ ಪದವೇ ಇಲ್ಲ. ಇಂಗ್ಲಿಷ್ ಹೆಸರು ನೇರವಾಗಿ ಭೌತಶಾಸ್ತ್ರದ ಹಳೆಯ ಸಮಸ್ಯೆಯನ್ನು ತೋರಿಸುತ್ತದೆ. ಎರಡು ಕಾಯಗಳು ಒಂದನ್ನೊಂದು ಸೆಳೆಯುತ್ತಾ ಸುತ್ತಿದರೆ ದಾರಿ ಲೆಕ್ಕ ಹಾಕಬಹುದು, ನ್ಯೂಟನ್ ಅದನ್ನು ಮಾಡಿದ. ಮೂರನೆಯದು ಸೇರಿದರೆ ಎಲ್ಲ ಸಂದರ್ಭಕ್ಕೂ ಹೊಂದುವ ಸರಳ ಸೂತ್ರ ಇಲ್ಲ. ಆರಂಭದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಮುಂದೆ ದಾರಿಗಳು ಎಲ್ಲಿಂದೆಲ್ಲಿಗೋ ಹೋಗುತ್ತವೆ. ಇದನ್ನು ಕಂಡವನು ಫ್ರಾನ್ಸಿನ ಗಣಿತಜ್ಞ ಪಾಂಕರೆ. ಸ್ವೀಡನ್ ರಾಜ ಎರಡನೇ ಆಸ್ಕರ್ ಹೆಸರಿನ ಸ್ಪರ್ಧೆಯಲ್ಲಿ 1889ರಲ್ಲಿ ಅವನಿಗೆ ಬಹುಮಾನ ಬಂತು. ಆಮೇಲೆ ತನ್ನ ಪ್ರಬಂಧದಲ್ಲೇ ತಪ್ಪು ಸಿಕ್ಕಿತು. ಅಚ್ಚಾಗಿದ್ದನ್ನು ವಾಪಸ್ ಪಡೆದು, ತಿದ್ದಿ, ತನ್ನ ಖರ್ಚಿನಲ್ಲೇ ಮರುಮುದ್ರಣ ಮಾಡಿಸಿದ. ಬಹುಮಾನದ ಹಣಕ್ಕಿಂತ ಮುದ್ರಣದ ಖರ್ಚೇ ಜಾಸ್ತಿಯಾಯಿತು. ಆ ತಪ್ಪನ್ನು ತಿದ್ದುವಾಗಲೇ ಈ ಅಸ್ತವ್ಯಸ್ತ ದಾರಿಗಳು ಅವನಿಗೆ ಕಂಡವು.

ಕಾದಂಬರಿಯಲ್ಲಿ ಆ ಉತ್ತರ ಬಂದದ್ದು ಆಲ್ಫಾ ಸೆಂಟಾರಿ ಅನ್ನುವ ನಕ್ಷತ್ರಗಳ ಗುಂಪಿನ ಒಂದು ಗ್ರಹದಿಂದ. ಅದಕ್ಕೆ ಮೂರು ಸೂರ್ಯ. ಯಾವಾಗ ಯಾವುದು ಹುಟ್ಟುತ್ತದೆ, ಸುಡುತ್ತದೋ ಹೆಪ್ಪುಗಟ್ಟಿಸುತ್ತದೋ ಯಾರಿಗೂ ಗೊತ್ತಿಲ್ಲ. ನಿಜವಾದ ಆಲ್ಫಾ ಸೆಂಟಾರಿಯಲ್ಲೂ ಮೂರು ನಕ್ಷತ್ರಗಳಿವೆ. ಆದರೆ ಎರಡು ಜೊತೆಯಾಗಿ ಸುತ್ತುತ್ತವೆ, ಸುಮಾರು 80 ವರ್ಷಕ್ಕೊಂದು ಸುತ್ತು. ಮೂರನೆಯ ಪ್ರಾಕ್ಸಿಮಾ ಅವುಗಳಿಂದ ಎಷ್ಟೋ ದೂರ, ನಮ್ಮಿಂದ 4.24 ಜ್ಯೋತಿರ್ವರ್ಷ. ಕಾದಂಬರಿಯ ಗದ್ದಲ ಅಲ್ಲಿಲ್ಲ. ಕಥೆಗೆ ಅಷ್ಟು ಸಲುಗೆ ಕೊಡಬೇಕು.

ಇಲ್ಲೂ ಕನ್ನಡ ಸುಮ್ಮನಿರುವುದಿಲ್ಲ. ನಾವು 'ಸೂರ್ಯ ಹುಟ್ಟಿದ' ಅನ್ನುತ್ತೇವೆ, ಗಂಡಸು ಅನ್ನುವ ಹಾಗೆ. ಮೂರಿದ್ದರೆ? 'ಮೂವರು ಸೂರ್ಯರು ಹುಟ್ಟಿದರು' ಅಂದರೆ ಪುರಾಣದ ಥರ. 'ಮೂರು ಸೂರ್ಯಗಳು ಹುಟ್ಟಿದವು' ಅಂದರೆ ಪಠ್ಯಪುಸ್ತಕ. ಕಥೆಯಲ್ಲಿ ಬರುವ ಕಂಪ್ಯೂಟರ್ ಆಟದಲ್ಲಿ ಹಳೆಯ ರಾಜರು, ಪಂಡಿತರು ಈ ಸೂರ್ಯರ ಲೆಕ್ಕ ಹಾಕಲು ಒದ್ದಾಡುತ್ತಾರೆ. ಅಲ್ಲಿ ನಾನಾದರೆ 'ಸೂರ್ಯರು' ಅಂತಲೇ ಹಾಕುತ್ತೇನೆ. ವಿಜ್ಞಾನಿಗಳ ಬಾಯಲ್ಲಿ 'ಸೂರ್ಯಗಳು'. ಆ ಆಟದಲ್ಲಿ ಕೆಟ್ಟ ಕಾಲ ಬಂದಾಗ ಜನ ಮೈಯಲ್ಲಿನ ನೀರೆಲ್ಲ ಹೊರಹಾಕಿ, ಒಣಗಿ, ಚಾಪೆಯ ಹಾಗೆ ಸುರುಳಿಯಾಗುತ್ತಾರೆ. ಒಣಗಿ ಅಂತ ಕೂಗು ಹಾಕುತ್ತಾರೆ. ನಿಘಂಟು ನೋಡಿ ಅನುವಾದ ಮಾಡುವವರು ಅಲ್ಲಿ 'ನಿರ್ಜಲೀಕರಣಗೊಳ್ಳಿ' ಅಂತ ಬರೆದಾರು. ಅಷ್ಟು ಉದ್ದ ಕೂಗಿ ಮುಗಿಸುವಷ್ಟರಲ್ಲಿ ಸುಟ್ಟು ಬೂದಿಯಾಗಿರುತ್ತಾರೆ, ಅಲ್ವಾ?

ಅನುವಾದಕರಿಗೆ ತಲೆನೋವಾದ ಇನ್ನೊಂದು ಪದ. ಬೇರೆ ಲೋಕದವರು ಒಂದು ಪ್ರೋಟಾನನ್ನೇ ಬುದ್ಧಿವಂತ ಯಂತ್ರವಾಗಿ ಮಾಡುತ್ತಾರೆ. ಚೀನೀಯಲ್ಲಿ ಪ್ರೋಟಾನ್‌ಗೆ 'ಝಿಝಿ' ಅನ್ನುತ್ತಾರೆ. ಲೇಖಕರು ಈ ಯಂತ್ರಕ್ಕೆ ಇಟ್ಟ ಹೆಸರೂ ಕಿವಿಗೆ 'ಝಿಝಿ'. ಬರೆಯುವಾಗ ಮೊದಲ ಅಕ್ಷರ ಮಾತ್ರ ಬೇರೆ, ಅದರ ಅರ್ಥ ಜಾಣ್ಮೆ. ಕೇಳಿದರೆ ಒಂದೇ, ನೋಡಿದರೆ ಬೇರೆ. ಇಂಗ್ಲಿಷ್‌ಗೆ ಈ ಶ್ಲೇಷೆ ಬರುವುದಿಲ್ಲ. ಕೆನ್ ಲಿಯು ಗ್ರೀಕಿನ ಜಾಣ್ಮೆಯ ಪದಕ್ಕೆ ಪ್ರೋಟಾನಿನ ಬಾಲ ಜೋಡಿಸಿ 'ಸೋಫಾನ್' ಮಾಡಿದರು. ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ಕನ್ನಡದಲ್ಲಿ ಪ್ರಯತ್ನಿಸಿದೆ. 'ಜ್ಞಾನಾನ್', ನಾಲಿಗೆ ತೊಡರುತ್ತದೆ. 'ಧೀಟಾನ್', ಕೀಟನಾಶಕದ ಹೆಸರಿನ ಹಾಗಿದೆ. 'ಮತಿಯಾನ್', ಪರವಾಗಿಲ್ಲ ಅನ್ನಿಸಿತು, ಮರುದಿನ ಅದೂ ಬೇಡವಾಯಿತು. ನಿಮಗೆ ಹೊಳೆದರೆ ಹೇಳಿ.

ಮೂಲದಿಂದ ನೇರ ಬಂದ ಅನುವಾದ ಸಿಕ್ಕಿದ್ದು ನಮ್ಮ ಪುಣ್ಯ. ಎಲ್ಲ ಪುಸ್ತಕಕ್ಕೂ ಆ ಭಾಗ್ಯ ಇರುವುದಿಲ್ಲ. ಸ್ತಾನಿಸ್ಲಾವ್ ಲೆಮ್ 1961ರಲ್ಲಿ ಪೋಲಿಷ್‌ನಲ್ಲಿ ಬರೆದ 'ಸೊಲಾರಿಸ್' ಮೊದಲು ಫ್ರೆಂಚ್‌ಗೆ ಹೋಯಿತು. ಅಲ್ಲಿಂದ 1970ರಲ್ಲಿ ಇಂಗ್ಲಿಷ್‌ಗೆ ಬಂತು. ದಾರಿಯಲ್ಲಿ ನಾಯಕಿ ಹಾರೆ 'ರೇಯಾ' ಆದಳು, ಸ್ನೌಟ್ ಅನ್ನುವವನು 'ಸ್ನೋ' ಆದ. ಲೆಮ್‌ಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆ ಅನುವಾದ ಅವರಿಗೆ ಹಿಡಿಸಲಿಲ್ಲ. ಪೋಲಿಷ್‌ನಿಂದ ನೇರ ಇಂಗ್ಲಿಷ್‌ಗೆ ಬಂದದ್ದು 2011ರಲ್ಲಿ, ಅದೂ ಮೊದಲು ಆಡಿಯೋ ಪುಸ್ತಕವಾಗಿ. ಐವತ್ತು ವರ್ಷ!

ಅದಕ್ಕಿಂತ ಹಿಂದಿನದು ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಕಥೆ. ಸಮುದ್ರದಡಿಯ ಪಯಣದ ಅವರ ಕಾದಂಬರಿಯನ್ನು ಇಂಗ್ಲಿಷ್‌ಗೆ ತಂದ ಪಾದ್ರಿಯೊಬ್ಬರು ಐದರಲ್ಲೊಂದು ಪಾಲಿಗೂ ಹೆಚ್ಚು ಕತ್ತರಿಸಿ ಎಸೆದರು, ಬಹಳಷ್ಟು ವಿಜ್ಞಾನ ಅದರಲ್ಲೇ ಹೋಯಿತು. ಅಮೆರಿಕದ ನೆಬ್ರಾಸ್ಕಾದ 'ಬ್ಯಾಡ್‌ಲ್ಯಾಂಡ್ಸ್' ಅನ್ನುವ ಒರಟು ನೆಲದ ಹೆಸರು 'ನೆಬ್ರಾಸ್ಕಾ ಅನ್ನುವ ಅಹಿತಕರ ಪ್ರದೇಶ' ಆಗಿಬಿಟ್ಟಿತು. ಇಂಗ್ಲಿಷ್ ಓದುಗರು ವರ್ನ್ ಅಂದರೆ ಮಕ್ಕಳ ಲೇಖಕ ಅಂತ ಬಹಳ ಕಾಲ ಅಂದುಕೊಂಡಿದ್ದರಲ್ಲಿ ಇಂಥ ಅನುವಾದಗಳ ಪಾಲೂ ಇದೆ. 1875ರ 'ದ ಮಿಸ್ಟೀರಿಯಸ್ ಐಲ್ಯಾಂಡ್' ಕಥೆ ಇನ್ನೂ ಸ್ವಾರಸ್ಯ. ಆ ಸಮುದ್ರದಡಿಯ ಕಾದಂಬರಿಯ ಕ್ಯಾಪ್ಟನ್ ನೀಮೋ ಯಾರು ಅನ್ನುವ ಗುಟ್ಟು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್. ವರ್ನ್ ಫ್ರೆಂಚ್‌ನಲ್ಲಿ ಬರೆದ ಪ್ರಕಾರ ಟಿಪ್ಪು ಸುಲ್ತಾನನ ಸಂಬಂಧಿ, ಬ್ರಿಟಿಷರ ಕಡು ವೈರಿ. ಆ ಕಾಲದ ಇಂಗ್ಲಿಷ್ ಅನುವಾದದಲ್ಲಿ ಬ್ರಿಟಿಷ್ ಆಳ್ವಿಕೆಯ ಮೇಲಿನ ಅವನ ಸಿಟ್ಟಿನ ಭಾಗವನ್ನು ಬ್ರಿಟಿಷರಿಗೆ ಒಗ್ಗುವ ಹಾಗೆ ತಿರುಚಿ ಬರೆದರು. ಓದುಗನಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ನಮ್ಮ ಸ್ಥಿತಿ ಯೋಚಿಸಿ. ಇಂಗ್ಲಿಷ್ ಓದುತ್ತಾ ತಲೆಯೊಳಗೆ ಕನ್ನಡ ಮಾಡಿಕೊಳ್ಳುವ ನಾನೂ ಒಬ್ಬ ಮೂರನೇ ಕೈ ಅನುವಾದಕನೇ. ಆ ರಾತ್ರಿಯ ಸಂದೇಶವಂತೂ ಕಥೆಯ ಒಳಗೇ ಅನುವಾದ. ಭೂಮಿಯಿಂದ ಹೋದ ಸಂದೇಶದ ಜೊತೆಗೇ ಅದನ್ನು ಬಿಡಿಸುವ ಕೀಲಿಯೂ ಹೋಗಿತ್ತು. ಆ ಕೀಲಿ ಹಿಡಿದು ಆ ಕಡೆಯ ಜೀವಿ ನಮ್ಮ ಭಾಷೆಯಲ್ಲಿ ಉತ್ತರ ಬರೆಯಿತು. ಆಮೇಲೆ ಚೀನೀ, ಇಂಗ್ಲಿಷ್, ನನ್ನ ತಲೆಯ ಕನ್ನಡ. ಕಥೆಯ ಬೇರಿನಲ್ಲೂ ಒಂದು ಅನುವಾದ ಕೂತಿದೆ. ಯೆ ವೆನ್‌ಜಿಯೆ ಕಾಡು ಕಡಿಯುವ ದಳದಲ್ಲಿದ್ದಾಗ ಪತ್ರಕರ್ತನೊಬ್ಬ ಅವಳಿಗೆ ಒಂದು ಇಂಗ್ಲಿಷ್ ಪುಸ್ತಕ ಕೊಡುತ್ತಾನೆ. ರೇಚೆಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್', 1962ರದು, ಕೀಟನಾಶಕಗಳ ಹಾವಳಿಯ ಬಗ್ಗೆ. ಅದರಲ್ಲಿ ಕಾಡಿಗೆ ಸಂಬಂಧಿಸಿದ ಭಾಗವನ್ನು ಮೇಲಿನವರಿಗಾಗಿ ಅನುವಾದ ಮಾಡುವ ಕೆಲಸ ಅವನದು. ಆ ಪುಸ್ತಕ ಓದಿ ಅವಳ ಮನಸ್ಸಿನಲ್ಲಿ ಏನೋ ತಿರುಗುತ್ತದೆ. ಮನುಷ್ಯ ಮಾಡುವ ಮಾಮೂಲಿ ಕೆಲಸವೇ ಕೆಟ್ಟದ್ದಾಗಿರಬಹುದಲ್ಲ ಅಂತ. ಅಲ್ಲಿಂದ ಮುಂದೆ ಏನಾಯಿತು ಅನ್ನುವುದು ನಿಮ್ಮ ಓದಿಗೆ ಬಿಟ್ಟಿದ್ದು.

ಕೊನೆಗೆ, ಆ ಕಡೆಯವರನ್ನು ಏನಂತ ಕರೆಯಬೇಕು? ಅವರು ಬರುತ್ತಿದ್ದಾರೋ, ಅವು ಬರುತ್ತಿವೆಯೋ? ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ಚೀನೀಯಲ್ಲಿ ಬರೆಯುವಾಗ ಬೇರೆ, ಬಾಯಲ್ಲಿ ಆಡುವಾಗ ಒಂದೇ. ಕನ್ನಡದ ಲಿಂಗ ಅರ್ಥದ ಮೇಲೆ ನಿಂತಿದೆ. ಮನುಷ್ಯರಿಗೆ, ದೇವರಿಗೆ ಅವನು, ಅವಳು, ಅವರು. ಉಳಿದದ್ದಕ್ಕೆಲ್ಲ ಅದು, ಅವು. ತೊಟ್ಟಿಲಲ್ಲಿರುವ ಮಗು ಕೂಡ 'ಅಳುತ್ತಿದೆ'. ಸೊಲಾರಿಸ್ ಗ್ರಹದಲ್ಲಿ ಯೋಚನೆ ಮಾಡುವ ಒಂದು ಸಮುದ್ರ ಇದೆ. ಅದು ಯೋಚಿಸುತ್ತದೆ ಅಂತ ಖಾತ್ರಿಯಾದ ಮೇಲೆ ಅದನ್ನು 'ಅದು' ಅನ್ನಬಹುದಾ? ಅಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ ಪ್ರಶ್ನೆಯನ್ನು ನಮ್ಮ ವ್ಯಾಕರಣ ಮೊದಲ ವಾಕ್ಯದಲ್ಲೇ ಕೇಳಿಬಿಡುತ್ತದೆ. ಥ್ರಿಲ್ಲರ್‌ಗೆ ಇದರಷ್ಟು ಒಳ್ಳೆ ಉಪಕರಣ ಇಲ್ಲ. ಭಯ ಇರುವವರೆಗೆ 'ಅವು' ಅನ್ನಿ. ಒಂದು ಕಡೆ, ಯಾರಿಗೂ ಗೊತ್ತಾಗದ ಹಾಗೆ, 'ಅವರು' ಅಂತ ಬದಲಾಯಿಸಿ. ಓದುಗನ ಬೆನ್ನು ತಣ್ಣಗಾಗುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹೆಚ್ಚಿನವು ಟಿವಿ ಸರಣಿಯ ಬಗ್ಗೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಕೊನೆಗೆ ನೀವು ಯಾವುದು ಹಾಕಿದ್ರಿ? ಬೇಡನಾ, ಬೇಡಿನಾ?"

ಬೇಡ ಅಂತಲೇ, ಅಂದೆ. ಆ ರಾತ್ರಿ ಅಲ್ಲಿ ಇದ್ದದ್ದು ಇಬ್ಬರೇ, ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಒಬ್ಬಳು. ಹಾಗಾಗಿ ಏಕವಚನವೇ ಸರಿ ಅನ್ನಿಸಿತು ಅಂತ ಕಾರಣವನ್ನೂ ಕೊಟ್ಟೆ.

ಅವಳು ಕೂರಲಿಲ್ಲ. "ಆದರೆ ಮೂರು ಸಲ ಇದೆಯಲ್ಲ ಸರ್. ಮೊದಲ ಎರಡು ಸಲ ಬೇಡಿ. ಮೂರನೇ ಸಲ ಬೇಡ."

ನಾನು ಕನ್ನಡಕ ಸರಿ ಮಾಡಿಕೊಂಡು, ಪುಸ್ತಕದಲ್ಲಿ ಆ ಪುಟ ಹುಡುಕಿ, ಪೆನ್ಸಿಲ್ ಕೇಳಿ ಪಡೆದೆ.